ಜಿಪ್ಸಿ, ಟ್ರಾವೆಲರ್ ಕುಟುಂಬಗಳಿಗೆ ಸೈಟ್ ಪ್ಲಾನ್ ಮಾಡೋದು ಹೇಗೆ: ಮೊದ್ಲು ಅವ್ರನ್ನ ಕೇಳಿ, ಆಮೇಲೆ ಮ್ಯಾಪ್ ತೆಗೀರಿ

ಒಂದು ವಿಷಯ ಮೊದ್ಲೇ ಕ್ಲಿಯರ್ ಮಾಡ್ಬಿಡ್ತೀನಿ, ಇಲ್ಲಿ ಸೈಟ್ ಅಂದ್ರೆ ನಮ್ಮ ತರ್ಟಿ ಫಾರ್ಟಿ ಸೈಟ್ ಅಲ್ಲ. ಇಂಗ್ಲೆಂಡಲ್ಲಿ ಊರೂರು ಸುತ್ತೋ ಸಂಪ್ರದಾಯದ ರೋಮಾನಿ ಜಿಪ್ಸಿಗಳು, ಐರಿಶ್ ಟ್ರಾವೆಲರ್‌ಗಳು ಕ್ಯಾರವಾನ್ (ಗಾಡಿಗೆ ಕಟ್ಟಿ ಎಳ್ಕೊಂಡು ಹೋಗೋ ಚಕ್ರದ ಮನೆ) ನಿಲ್ಲಿಸ್ಕೊಂಡು ಸಂಸಾರ ಸಮೇತ ಇರೋ ಜಾಗಕ್ಕೆ ಸೈಟ್ ಅಂತಾರೆ, ಅದ್ರಲ್ಲಿ ಒಂದೊಂದು ಮನೆಯವ್ರಿಗೆ ಸೇರಿದ ಭಾಗಕ್ಕೆ ಪಿಚ್ ಅಂತಾರೆ. ಅಲ್ಲಿನ ಕೌನ್ಸಿಲಲ್ಲಿ, ಅಂದ್ರೆ ಸ್ಥಳೀಯ ಆಡಳಿತದಲ್ಲಿ, ಪ್ಲಾನಿಂಗ್ ಕೆಲಸಕ್ಕೆ ಹೊಸದಾಗಿ ಸೇರ್ದವ್ರಿಗೆ ಈ ಫೈಲ್ ಕೈಗೆ ಬಂದ್ರೆ ಎಲ್ಲಿಂದ ಶುರು ಮಾಡೋದು ಅಂತಾನೇ ಗೊತ್ತಾಗಲ್ಲ, ಅವ್ರಿಗೆ ಅಂತ ಬರೀತಿದೀನಿ.

ಸ್ವಲ್ಪ ಹಿನ್ನೆಲೆ ಬೇಕು. 1968ರ ಕ್ಯಾರವಾನ್ ಸೈಟ್ಸ್ ಆಕ್ಟ್ ಪ್ರಕಾರ ಸೈಟ್ ಕೊಡೋದು ಸ್ಥಳೀಯ ಆಡಳಿತದ ಕರ್ತವ್ಯ ಆಗಿತ್ತು. 1994ರಲ್ಲಿ ಆ ಕರ್ತವ್ಯ ತೆಗೆದುಹಾಕಿದ್ರು, ನೀವೇ ಜಮೀನು ತಗೊಂಡು ಪರ್ಮಿಷನ್ ಕೇಳಿ ಅಂದ್ರು, ಅವ್ರು ತಗೊಂಡ್ರು, ಕೇಳಿದ್ರು, ಎಷ್ಟೋ ಜನಕ್ಕೆ ಪರ್ಮಿಷನ್ನೇ ಸಿಗ್ಲಿಲ್ಲ. ವೇಲ್ಸ್‌ನಲ್ಲಿ 2014ರ ಹೌಸಿಂಗ್ ಕಾನೂನು ಆ ಕರ್ತವ್ಯನ ವಾಪಸ್ ತಂತು. ಇಂಗ್ಲೆಂಡಲ್ಲಿ ಈಗ ಇರೋದು 2012ರಲ್ಲಿ ಬಂದ ಟ್ರಾವೆಲರ್ ಸೈಟ್‌ಗಳ ಪ್ಲಾನಿಂಗ್ ಪಾಲಿಸಿ, ಅದು 2015, 2023, 2024ರಲ್ಲಿ ಬದಲಾಗಿದೆ, ಹಾಗಾಗಿ ಹಳೇ ಪಿಡಿಎಫ್ ಇಟ್ಕೊಂಡು ಕೆಲಸ ಮಾಡ್ಬೇಡಿ.

ಮೊದಲ್ನೇ ಕೆಲಸ ಎಷ್ಟು ಪಿಚ್ ಬೇಕು ಅನ್ನೋ ಲೆಕ್ಕ. ಇದಕ್ಕೆ ವಸತಿ ಅಗತ್ಯದ ಸರ್ವೆ ಮಾಡಿಸ್ತಾರೆ. 2021ರ ಜನಗಣತೀಲಿ ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಸುಮಾರು 71,000 ಜನ ತಾವು ಜಿಪ್ಸಿ ಅಥವಾ ಐರಿಶ್ ಟ್ರಾವೆಲರ್ ಅಂತ ಬರೆಸಿದಾರೆ, ಆದ್ರೆ ನಿಜವಾದ ಸಂಖ್ಯೆ ಇನ್ನೂ ಜಾಸ್ತಿ ಅಂತಾನೇ ಈ ಸಮುದಾಯದ ಜೊತೆ ಕೆಲಸ ಮಾಡೋರು ಹೇಳೋದು, ಯಾಕಂದ್ರೆ ಹೇಳ್ಕೊಂಡ್ರೆ ತೊಂದ್ರೆ ಅನ್ನೋ ಭಯ ಇದೆ. ಕ್ಯಾರವಾನ್ ಎಣಿಸಿ ಬಂದ್ಬಿಟ್ರೆ ಸಾಲ್ದು. ಮದುವೆಯಾದ ಮಗ ಸೊಸೆ ಅಪ್ಪನ ಪಿಚ್ಚಲ್ಲೇ ಇನ್ನೊಂದು ಕ್ಯಾರವಾನ್ ಹಾಕ್ಕೊಂಡು ಇಕ್ಕಟ್ಟಲ್ಲಿ ಇರ್ತಾರೆ, ಅದೊಂದು ಪಿಚ್ ಲೆಕ್ಕ. ಜಾಗ ಸಿಗ್ದೆ ಬೇಜಾರಲ್ಲೇ ಇಟ್ಟಿಗೆ ಮನೆಗೆ ಹೋದವ್ರು ಇರ್ತಾರೆ, ಅವ್ರನ್ನೂ ಹುಡುಕಿ ಕೇಳ್ಬೇಕು. ಇನ್ನೈದು ವರ್ಷದಲ್ಲಿ ಹದಿನೆಂಟು ತುಂಬೋ ಮಕ್ಕಳು ಎಷ್ಟು ಅಂತಾನೂ ನೋಡಿ, ಪಾಲಿಸಿ ಪ್ರಕಾರ ಐದು ವರ್ಷಕ್ಕೆ ಸಾಲೋಷ್ಟು ಸೈಟ್ ತೋರಿಸ್ಲೇಬೇಕು.

ಇಲ್ಲಿ ಒಂದು ಎಚ್ಚರಿಕೆ. 2015ರಲ್ಲಿ ಯಾರನ್ನ ಜಿಪ್ಸಿ, ಟ್ರಾವೆಲರ್ ಅಂತ ಎಣಿಸ್ಬೇಕು ಅನ್ನೋ ಪಾಲಿಸಿಯ ವ್ಯಾಖ್ಯಾನ ಬದಲಾಯ್ಸಿ ವಯಸ್ಸು, ಕಾಯಿಲೆ ಅಂತ ಓಡಾಟ ಪೂರ್ತಿ ನಿಲ್ಲಿಸಿದವ್ರನ್ನ ಹೊರಗಿಟ್ಟಿದ್ರು, ಅಂದ್ರೆ ಕಾಲು ಸೋತ ಅಜ್ಜಿ ಆ ಪಾಲಿಸಿ ಲೆಕ್ಕದಲ್ಲಿ ಜಿಪ್ಸಿನೇ ಅಲ್ಲ ಅಂತಾಯ್ತು. 2022ರಲ್ಲಿ ಕೋರ್ಟ್ ಆಫ್ ಅಪೀಲ್ ಇದು ತಾರತಮ್ಯ ಅಂತ ಹೇಳ್ತು, 2023ರ ಡಿಸೆಂಬರಲ್ಲಿ ಅವ್ರು ಮತ್ತೆ ಒಳಗೆ ಬಂದ್ರು, 2024ರ ಡಿಸೆಂಬರಲ್ಲಿ ಕ್ಯಾರವಾನಲ್ಲಿ ಬಾಳೋ ಸಂಪ್ರದಾಯ ಇರೋರನ್ನೂ ಸೇರಿಸಿದ್ರು. ನಿಮ್ಮ ಸರ್ವೆ ಹಳೇ ವ್ಯಾಖ್ಯಾನದ ಮೇಲೆ ಮಾಡಿದ್ದಾದ್ರೆ ಅದನ್ನ ಬಿಟ್ಟು ಹೊಸದಾಗಿ ಮಾಡಿಸಿ, ಖರ್ಚಾದ್ರೂ ಪರವಾಗಿಲ್ಲ.

ಕೇಳೋ ರೀತಿನೂ ಮುಖ್ಯ. ಆನ್‌ಲೈನ್ ಫಾರ್ಮ್ ಕಳ್ಸಿ ಉತ್ತರ ಬಂದಿಲ್ಲ ಅಂದ್ರೆ ಅಗತ್ಯ ಇಲ್ಲ ಅಂತ ಅರ್ಥ ಅಲ್ಲ, ಹಿರಿಯರಲ್ಲಿ ಎಷ್ಟೋ ಜನ ಓದು ಬರಹ ಕಲಿತವ್ರಲ್ಲ. ಅವ್ರಿಗೆ ನಂಬಿಕೆ ಇರೋ ಸಂಸ್ಥೆಯವ್ರ ಜೊತೆ ಹೋಗಿ, ಕೂತು ಮಾತಾಡಿ. ಜೂನಲ್ಲಿ ಆಪಲ್‌ಬಿ ಕುದುರೆ ಜಾತ್ರೆಗೆ ಎಲ್ಲೆಲ್ಲಿಂದಲೋ ಹೊರಡ್ತಾರೆ, ಆಗ ಹೋದ್ರೆ ಸೈಟ್ ಖಾಲಿ ಕಾಣತ್ತೆ, ಚಳಿಗಾಲದಲ್ಲಿ ಹೋಗಿ.

ಆಮೇಲೆ ಜಾಗ. ನನಗೆ ತುಂಬಾ ಸಂಕಟ ಆಗೋದು ಇಲ್ಲೇ. ಯಾರಿಗೂ ಬೇಡದ ಜಾಗನ ಇವ್ರಿಗೆ ಕೊಡೋ ಅಭ್ಯಾಸ ಹಳೇದು, ಮೋಟರ್‌ವೇ ಸೇತುವೆ ಕೆಳಗೆ, ಕೊಳಚೆ ನೀರು ಶುದ್ಧ ಮಾಡೋ ಪ್ಲಾಂಟ್ ಪಕ್ಕ, ಕಸದ ಗುಡ್ಡೆ ಹಿಂದೆ, ರೈಲು ಹಳಿ ಅಂಚಲ್ಲಿ. ಕ್ಯಾರವಾನ್ ಗೋಡೆ ತೆಳು, ಸದ್ದು ವಾಸನೆ ಎಲ್ಲಾ ಸೀದಾ ಒಳಗೆ. ಆದ್ರಿಂದ ಒಂದೇ ಪರೀಕ್ಷೆ ಇಟ್ಕೊಳಿ, ಇದೇ ಜಾಗದಲ್ಲಿ ಮಾಮೂಲಿ ಮನೆ ಕಟ್ಟೋಕೆ ನೀವು ಪರ್ಮಿಷನ್ ಕೊಡ್ತಿದ್ರಾ? ಇಲ್ಲ ಅಂದ್ರೆ ಇವ್ರಿಗೂ ಬೇಡ. ಸ್ಕೂಲು, ಡಾಕ್ಟರ್, ಅಂಗಡಿ ಹತ್ರ ಇರ್ಲಿ. ಪ್ರವಾಹದ ವಿಷಯದಲ್ಲಂತೂ ರಾಜಿನೇ ಬೇಡ, ಖಾಯಂ ವಾಸದ ಕ್ಯಾರವಾನ್‌ಗಳು ಪ್ರವಾಹಕ್ಕೆ ಅತಿ ಸುಲಭವಾಗಿ ತುತ್ತಾಗೋ ವರ್ಗಕ್ಕೆ ಸೇರ್ತವೆ, ಪ್ರವಾಹದ ಸಾಧ್ಯತೆ ಹೆಚ್ಚಿರೋ ಫ್ಲಡ್ ಝೋನ್ 3ರಲ್ಲಿ ಅವಕ್ಕೆ ಅವಕಾಶ ಇಲ್ಲ. ಗ್ರೀನ್ ಬೆಲ್ಟ್ (ಊರು ಹರಡ್ಬಾರ್ದು ಅಂತ ಸುತ್ತ ಖಾಲಿ ಬಿಟ್ಟಿರೋ ಜಾಗ) ಆದ್ರೆ ಬೇರೆನೇ ಕಷ್ಟ, ಅಲ್ಲಿ ಸಾಮಾನ್ಯವಾಗಿ ವಿಶೇಷ ಕಾರಣ ತೋರಿಸ್ಬೇಕಾಗತ್ತೆ, ಆದಷ್ಟು ಲೋಕಲ್ ಪ್ಲಾನ್ (ಎಲ್ಲಿ ಏನು ಕಟ್ಬಹುದು ಅಂತ ಕೌನ್ಸಿಲ್ ಮಾಡೋ ಯೋಜನೆ) ಹಂತದಲ್ಲೇ ಜಾಗ ಗುರ್ತಿಸಿಬಿಡಿ. ಕುಟುಂಬದ ಹೆಸ್ರಲ್ಲೇ ಇರೋ ಜಮೀನನ್ನೂ ಪಟ್ಟಿಗೆ ಸೇರಿಸಿ, ಹೆಚ್ಚಿನ ಕ್ಯಾರವಾನ್‌ಗಳು ಇರೋದು ಖಾಸಗಿ ಸೈಟ್‌ಗಳಲ್ಲೇ.

ಈಗ ಲೇಔಟ್. ಸರ್ಕಾರದ 2008ರ ಡಿಸೈನ್ ಗೈಡನ್ನ 2015ರಲ್ಲಿ ವಾಪಸ್ ತಗೊಂಡ್ರು, ಆದ್ರೂ ಅದ್ರ ಅಳತೆಗಳು ಕೆಲಸಕ್ಕೆ ಬರ್ತವೆ. ಒಂದು ಸೈಟಿಗೆ ಹೆಚ್ಚಂದ್ರೆ 15 ಪಿಚ್. ಕ್ಯಾರವಾನ್ ಕ್ಯಾರವಾನ್ ನಡುವೆ ಕನಿಷ್ಠ 6 ಮೀಟರ್, ಸೈಟಿನ ಗಡಿಯಿಂದ 3 ಮೀಟರ್, ಇದು ಬೆಂಕಿ ಹರಡಬಾರ್ದು ಅಂತ. ಫೈರ್ ಇಂಜಿನ್ ಬರೋ ರಸ್ತೆ 3.7 ಮೀಟರ್ ಅಗಲ. ಪಿಚ್ಚಲ್ಲಿ ದೊಡ್ಡ ಟ್ರೇಲರ್ (ವಾಸದ ಕ್ಯಾರವಾನ್), ಓಡಾಟಕ್ಕೆ ತಗೊಂಡು ಹೋಗೋ ಸಣ್ಣ ಕ್ಯಾರವಾನ್, ಎರಡು ಗಾಡಿ, ಬಟ್ಟೆ ಒಣಹಾಕೋ ಜಾಗ, ಬೀಗ ಹಾಕೋ ಶೆಡ್ ಹಿಡೀಬೇಕು, ಜೊತೆಗೆ ಅಡುಗೆ ಸ್ನಾನಕ್ಕೆ ಒಂದು ಸಣ್ಣ ಕಟ್ಟಡ.

ಆ ಕಟ್ಟಡದ ಬಗ್ಗೆ ಸ್ವಲ್ಪ ನಿಂತು ಯೋಚ್ನೆ ಮಾಡಿ. ರೋಮಾನಿಗಳಲ್ಲಿ ಮೊಖಾಡಿ ಅಂತ ಒಂದಿದೆ, ನಮ್ಮ ಮೈಲಿಗೆ ಅನ್ನೋ ಮಾತಿಗೆ ತುಂಬಾ ಹತ್ರ. ಪಾತ್ರೆ ತೊಳೆಯೋ ಬಟ್ಟಲಲ್ಲಿ ಬಟ್ಟೆ ಒಗೆಯಲ್ಲ, ಮಲಗೋ ಅಡುಗೆ ಮಾಡೋ ಜಾಗದ ಪಕ್ಕ ಟಾಯ್ಲೆಟ್ ಇಷ್ಟ ಪಡಲ್ಲ. ಹಾಗಾಗಿ ಟಾಯ್ಲೆಟ್ ಬಾಗಿಲು ಅಡುಗೆ ಮನೆ ಒಳಗೆ ತೆರೀಬಾರ್ದು, ಹೊರಗಿಂದ ಬೇರೆ ಬಾಗಿಲು ಕೊಡಿ. ನಮ್ಮ ಅಜ್ಜಿಯಂದಿರಿಗೆ ಇದನ್ನ ಬಿಡಿಸಿ ಹೇಳೋ ಅಗತ್ಯನೇ ಇರ್ತಿರ್ಲಿಲ್ಲ.

ಸುತ್ತ ಎತ್ತರದ ಕಾಂಪೌಂಡ್ ಕಟ್ಬೇಡಿ. ಬೇಕಂತಲೇ ದೂರ ಇಟ್ಟಿದಾರೆ ಅನ್ನಿಸೋ ಹಾಗೆ ಗೋಡೆ ಬೇಲಿ ಹಾಕ್ಬಾರ್ದು ಅಂತ ಪಾಲಿಸೀಲೇ ಇದೆ. ಗಿಡ ನೆಡಿ, ಮಕ್ಕಳು ಆಡೋ ಜಾಗ ಬಿಡಿ.

ಅಕ್ಕಪಕ್ಕದವ್ರ ವಿರೋಧ ಬಂದೇ ಬರತ್ತೆ. ಟ್ರಾಫಿಕ್, ಚರಂಡಿ ಬಗ್ಗೆ ಆಕ್ಷೇಪ ಬಂದ್ರೆ ಸರಿಯಾಗಿ ಉತ್ತರ ಕೊಡಿ. ಆ ಜನಾನೇ ಬೇಡ ಅನ್ನೋ ಪತ್ರಗಳನ್ನ ಪ್ಲಾನಿಂಗ್ ಕಾರಣ ಅಂತ ತಗೋಬೇಡಿ. ಇಬ್ರೂ ಜನಾಂಗೀಯ ಗುಂಪು ಅಂತ ಕೋರ್ಟ್‌ಗಳು ಒಪ್ಪಿವೆ, ರೋಮಾನಿಗಳನ್ನ 1988ರಲ್ಲಿ, ಐರಿಶ್ ಟ್ರಾವೆಲರ್‌ಗಳನ್ನ 2000ದಲ್ಲಿ, 2010ರ ಈಕ್ವಾಲಿಟಿ ಆಕ್ಟ್ ಅವ್ರನ್ನ ಕಾಯತ್ತೆ.

ದಾರಿ ಮೇಲೆ ಬಂದು ಹೋಗೋರಿಗೆ ಟ್ರಾನ್ಸಿಟ್ ಪಿಚ್ ಬೇರೆ ಬೇಕು. ಅದು ರೆಡಿ ಆಗೋವರ್ಗೂ ಲೀಡ್ಸ್‌ನಲ್ಲಿ ಮಾಡಿದ ಹಾಗೆ ಮಾತಾಡ್ಕೊಂಡು ನಿಲ್ಲೋ ಒಪ್ಪಂದ ಮಾಡ್ಬಹುದು, ಇಷ್ಟು ದಿನ, ಈ ಜಾಗ, ಟಾಯ್ಲೆಟ್ ಕಸದ ಡಬ್ಬ ಕೌನ್ಸಿಲ್ ಕೊಡತ್ತೆ, ಜಾಗ ಕ್ಲೀನಾಗಿ ಇಟ್ಕೊಳೋದು ಅವ್ರ ಹೊಣೆ.

ಸೈಟ್ ಶುರುವಾದ್ಮೇಲೆ ಕೌನ್ಸಿಲ್ ಸೈಟಲ್ಲಿ ಇರೋರಿಗೆ ಮೊಬೈಲ್ ಹೋಮ್ಸ್ ಆಕ್ಟ್ ಪ್ರಕಾರ ಬರವಣಿಗೇಲಿ ಒಪ್ಪಂದ ಕೊಡಿ, 2011ರಿಂದ ಅದು ಅವ್ರಿಗೂ ಅನ್ವಯ ಆಗತ್ತೆ. ಕರೆಂಟ್ ಮೀಟರ್ ಪ್ರತಿ ಪಿಚ್ಚಿಗೂ ಬೇರೆ ಬೇರೆ ಇರ್ಲಿ. ಪ್ರತಿ ಪಿಚ್ಚಿಗೂ ನಂಬರ್, ಅಂಚೆ ಡಬ್ಬ ಇರ್ಲಿ, ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಪತ್ರ ಅವ್ರ ಬಾಗಿಲಿಗೇ ಬರೋ ಹಾಗೆ.