ಸೂಪರ್‌ಹೀರೋನ ಸೈಡ್‌ಕಿಕ್ ಸಮಾಜ ಹೊರಗಿಟ್ಟವನಾ? ತೀರ್ಮಾನಿಸುವುದು ಹೀಗೆ

ಮಕ್ಕಳ ಜೊತೆ ಕೂತು ಕಾಮಿಕ್ಸ್ ಓದಿಸುವವಳು ನಾನು. ಸೈಡ್‌ಕಿಕ್, ಅಂದರೆ ಹೀರೋನ ಜೊತೆಗಾರ ಹುಡುಗನ ಮಾತು ಬಂದರೆ ಸಾಕು, "ಪಾಪ, ಅವನಿಗೆ ಯಾರೂ ಇಲ್ಲ, ಅವನು ಹೊರಗಿನವನು" ಅನ್ನುತ್ತಾರೆ ಮಕ್ಕಳು. ಅಷ್ಟು ಬೇಗ ಒಪ್ಪಬೇಡಿ.

ಮೊದಲು ಅನಾಥನನ್ನೂ ಹೊರಗಿಟ್ಟವನನ್ನೂ ಬೇರೆ ಮಾಡಿ. 1940ರಲ್ಲಿ ಬಂದ ರಾಬಿನ್, ಅಂದರೆ ಡಿಕ್ ಗ್ರೇಸನ್, ಸರ್ಕಸ್ ಹುಡುಗ. ಅಪ್ಪ ಅಮ್ಮನನ್ನು ದುಷ್ಟರು ಕೊಂದರು. ಆದರೆ ಜನ ಅವನನ್ನು ದೂರ ಮಾಡಲಿಲ್ಲ. ಬ್ರೂಸ್ ವೇನ್, ಅಂದರೆ ಬ್ಯಾಟ್‌ಮ್ಯಾನ್, ಅವನನ್ನು ತನ್ನ ಮನೆಗೆ ಕರೆದುಕೊಂಡ. ಅವನ ದುಃಖ ದೊಡ್ಡದು, ನಿಜ. ಆದರೂ ಅವನು ಕಳೆದುಕೊಂಡವನು, ತಳ್ಳಿಸಿಕೊಂಡವನಲ್ಲ.

ಆಮೇಲೆ ಈ ವಾಕ್ಯ ತುಂಬಿಸಿ: "ಇವನನ್ನು ಇಂಥವರು, ಇಂಥ ಕಾರಣಕ್ಕೆ ಹೊರಗಿಟ್ಟರು." ಖಾಲಿ ಜಾಗ ತುಂಬದಿದ್ದರೆ ವಾದ ನಿಲ್ಲುವುದಿಲ್ಲ. ಇಲ್ಲಿ ನನಗೆ ತುಂಬಾ ಇಷ್ಟದ ಉದಾಹರಣೆ ಆಕ್ವಾಲ್ಯಾಡ್, ಅಂದರೆ ಆಕ್ವಾಮ್ಯಾನ್‌ನ ಜೊತೆಗಾರ ಗಾರ್ತ್. 1960ರಲ್ಲಿ ಬಂದ ಇವನನ್ನು ಸಮುದ್ರದಡಿಯ ಅಟ್ಲಾಂಟಿಸ್‌ನವರೇ ಹೊರಹಾಕಿದ್ದರು. ಕಾರಣ, ಅವನ ನೇರಳೆ ಕಣ್ಣು. ಎರಡೂ ಜಾಗ ತುಂಬಿತು ನೋಡಿ. ಅವನು ಏನು ಮಾಡಿದ ಅಂತ ಯಾರೂ ಕೇಳಲಿಲ್ಲ, ಹುಟ್ಟಿದ್ದು ಹೇಗೆ ಅಂತ ಮಾತ್ರ ನೋಡಿದರು. ಸೈಡ್‌ಕಿಕ್‌ಗಳಲ್ಲಿ ಇಷ್ಟು ಸ್ಪಷ್ಟವಾಗಿ ಹೊರಗಿಟ್ಟವರು ಕಡಿಮೆ.

ಜೇಸನ್ ಟಾಡ್ ವಿಷಯದಲ್ಲಿ ಎಚ್ಚರ ಬೇಕು. ಎರಡನೇ ರಾಬಿನ್ ಆದ ಇವನನ್ನು 1987ರಲ್ಲಿ ಹೊಸದಾಗಿ ಬರೆದಾಗ, ಬ್ಯಾಟ್‌ಮ್ಯಾನ್‌ನ ಕಾರು ಬ್ಯಾಟ್‌ಮೊಬೈಲ್‌ನ ಟೈರ್ ಕದಿಯುವ ಬೀದಿ ಹುಡುಗನಾಗಿ ಮಾಡಿದರು. ಊರು ಕೈಬಿಟ್ಟ ಹುಡುಗ ಅನ್ನಲು ಇದು ಸಾಕು. ಆದರೆ 1988ರಲ್ಲಿ ಓದುಗರು ಫೋನಿನಲ್ಲಿ ಮತ ಹಾಕಿ ಅವನ ಸಾವು ಆರಿಸಿದ್ದನ್ನು ಇದಕ್ಕೆ ಬೆರೆಸಬೇಡಿ. ಸಾಯಲಿ ಅಂತ 5,343 ಮತ ಬಿತ್ತು, ಬದುಕಲಿ ಅಂತ 5,271. ನನಗೆ ಇದು ಈಗಲೂ ಬೇಸರದ ಲೆಕ್ಕ. ಆದರೂ ಅದು ಓದುಗರ ಸಿಟ್ಟು, ಕಥೆಯೊಳಗಿನ ಸಮಾಜದ್ದಲ್ಲ.

ಫ್ಲ್ಯಾಶ್‌ನ ಜೊತೆಗಾರ ಕಿಡ್ ಫ್ಲ್ಯಾಶ್, ಅಂದರೆ ವ್ಯಾಲಿ ವೆಸ್ಟ್‌ನಂಥವರನ್ನು ಬೇಗ ದಾಟಬಹುದು. ಕಿಡ್ ಫ್ಲ್ಯಾಶ್‌ಗೆ ಅಪ್ಪ ಅಮ್ಮ ಇದ್ದಾರೆ, ಅತ್ತೆ ಐರಿಸ್ ಇದ್ದಾಳೆ. ಗುಟ್ಟು ಬಚ್ಚಿಡುವ ಒಂಟಿತನ ಇರಬಹುದು. ಆದರೆ ಅದು ಅವನು ಒಪ್ಪಿಕೊಂಡ ಕೆಲಸದ ಜೊತೆ ಬಂದದ್ದು.

ಕೊನೆಗೆ, ಆ ಹುಡುಗ ಎಡವಿದಾಗ ಹೀರೋ ಏನು ಮಾಡುತ್ತಾನೆ ನೋಡಿ. ನನ್ನ ಪ್ರಕಾರ ನಿಜವಾದ ಪರೀಕ್ಷೆ ಇದೇ. ರಾಯ್ ಹಾರ್ಪರ್, ಅಂದರೆ ಸ್ಪೀಡಿ, ಗ್ರೀನ್ ಆರೋನ ಜೊತೆಗಾರ. 1971ರ ಕಥೆಯಲ್ಲಿ ಅವನು ಹೆರಾಯಿನ್ ಚಟಕ್ಕೆ ಬಿದ್ದಿರುತ್ತಾನೆ. ಗೊತ್ತಾದಾಗ ಗ್ರೀನ್ ಆರೋ ಹೊಡೆದು ಆಚೆ ಹಾಕುತ್ತಾನೆ. ಚಟ ಬಿಡುವಾಗ ಪಕ್ಕದಲ್ಲಿ ಇದ್ದವಳು ಇನ್ನೊಬ್ಬ ಸೂಪರ್‌ಹೀರೋ ಬ್ಲ್ಯಾಕ್ ಕ್ಯಾನರಿ. ಆ ಪುಟಗಳನ್ನು ನಿಧಾನವಾಗಿ ಓದಿ. ಸಾಕಿದವನೇ ಬಾಗಿಲು ಹಾಕಿದಾಗ ಆಗುವ ನೋವು ಅಲ್ಲಿದೆ.

ಹಾಗಾಗಿ ಬರೆಯುವಾಗ "ಸ್ಪೀಡಿ ಹೊರಗಿನವನು" ಅಂತ ಸುಮ್ನೆ ಬರೆಯಬೇಡಿ. ಯಾವ ವರ್ಷದ ಕಥೆ, ಆಗ ಬಾಗಿಲು ಹಾಕಿದವರು ಯಾರು, ತೆರೆದವರು ಯಾರು ಅನ್ನುವುದನ್ನೂ ಸೇರಿಸಿ.