ಹಳೇ ಪ್ರೊಸೆಸರ್‌ನಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಬಂದರೆ ಹೀಗೆ ಮಾಡಿ

ಉಬುಂಟು ಲ್ಯಾಪ್‌ಟಾಪ್‌ನಲ್ಲಿ ಸಿ ಭಾಷೆಯ ನಾಲ್ಕು ಸಾಲು ಬರೆದೆ. 32 ಬಿಟ್ ಪ್ರೋಗ್ರಾಂ ಬರಲೆಂದು ಮೈನಸ್ ಎಂ32 ಕೊಟ್ಟು, ಸ್ಟ್ಯಾಟಿಕ್ ಆಗಿ (ಲೈಬ್ರರಿಗಳನ್ನೂ ಒಳಗೇ ಸೇರಿಸಿ) ಕಂಪೈಲ್ ಮಾಡಿ, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಎಎಂಡಿ ಜಿಯೋಡ್ ಅನ್ನುವ ಹಳೇ ಚಿಪ್‌ನ ಪೆಟ್ಟಿಗೆಗೆ ಹಾಕಿ ಓಡಿಸಿದರೆ ಬಂದದ್ದು ಒಂದೇ ಸಾಲು: ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’, ಅಂದರೆ ಪ್ರೊಸೆಸರ್‌ಗೆ ಗೊತ್ತಿಲ್ಲದ ಆಜ್ಞೆ. ಬರೀ ‘ಹಲೋ’ ಅನ್ನುವ ಪ್ರೋಗ್ರಾಂ ಅದು! ಅರ್ಧ ದಿನ ನನ್ನ ಕೋಡ್‌ನಲ್ಲೇ ತಪ್ಪು ಹುಡುಕಿದೆ. ತಪ್ಪು ಅಲ್ಲಿರಲೇ ಇಲ್ಲ.

ಆಗಿದ್ದು ಇಷ್ಟು. ದಾಳಿಕೋರರು ಪ್ರೋಗ್ರಾಂ ಅನ್ನು ಎಲ್ಲೆಂದರಲ್ಲಿಗೆ ಜಿಗಿಸದ ಹಾಗೆ ತಡೆಯಲು ಇಂಟೆಲ್ ‘ಸಿಇಟಿ’ ಅನ್ನುವ ವ್ಯವಸ್ಥೆ ತಂದಿತು. ಜಿಗಿದು ಬರಬಹುದಾದ ಪ್ರತಿ ಜಾಗದಲ್ಲೂ ಕಂಪೈಲರ್ ಒಂದು ಗುರುತು ಇಡುತ್ತದೆ. 32 ಬಿಟ್‌ನಲ್ಲಿ ಅದರ ಹೆಸರು ಎಂಡ್‌ಬಿಆರ್32, ನಾಲ್ಕು ಬೈಟ್: ಎಫ್3 0ಎಫ್ 1ಇ ಎಫ್‌ಬಿ. ಜಿಸಿಸಿ ಕಂಪೈಲರ್‌ನ 8ನೇ ಆವೃತ್ತಿಯಲ್ಲಿ, ಅಂದರೆ 2018ರಲ್ಲಿ, ಇದಕ್ಕೆ ‘ಸಿಎಫ್ ಪ್ರೊಟೆಕ್ಷನ್’ ಅನ್ನುವ ಆಪ್ಷನ್ ಬಂತು. ಉಬುಂಟು 19.10ರಿಂದ ನಾವು ಕೇಳದಿದ್ದರೂ ಅದು ಆನ್. ಸಿಇಟಿ ಗೊತ್ತಿಲ್ಲದ ಚಿಪ್‌ಗಳು ಈ ಬೈಟ್‌ಗಳನ್ನು ‘ಏನೂ ಮಾಡಬೇಡ’ ಎಂದು ಓದಿ ಮುಂದೆ ಹೋಗುತ್ತವೆ ಅನ್ನುವುದು ಲೆಕ್ಕಾಚಾರ. 1995ರ ಪೆಂಟಿಯಂ ಪ್ರೋ ಕೂಡ ಹಾಗೇ ಮಾಡುತ್ತದೆ. ಜಿಯೋಡ್, ಕಾರ್ಖಾನೆ ಬೋರ್ಡ್‌ಗಳಲ್ಲಿ ಸಿಗುವ ಕೆಲವು ವೋರ್ಟೆಕ್ಸ್86 ಚಿಪ್‌ಗಳು ಮಾತ್ರ ಹಾಗಲ್ಲ. ಅವುಗಳಿಗೆ ಅದು ಅರ್ಥವಾಗದ ಮಾತು, ಅಲ್ಲೇ ನಿಂತುಬಿಡುತ್ತವೆ. ಮಕ್ಕಳಿಗಾಗಿ ಮಾಡಿದ ಹಸಿರು ಎಕ್ಸ್‌ಒ-1 ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದೂ ಜಿಯೋಡೇ.

ಮೊದಲು ಕಾರಣ ಇದೇನಾ ಅಂತ ಖಚಿತ ಮಾಡಿಕೊಳ್ಳಿ. ಸುಮ್ನೆ ಊಹೆ ಬೇಡ. ಹಳೇ ಯಂತ್ರದಲ್ಲಿ ಕರ್ನಲ್‌ನ ಸಂದೇಶ ತೋರಿಸುವ ಡಿಮೆಸೇಜ್ ಓಡಿಸಿದರೆ ‘ಇನ್‌ವ್ಯಾಲಿಡ್ ಆಪ್‌ಕೋಡ್’ ಅನ್ನುವ ಸಾಲು ಕಾಣಬಹುದು. ತಪ್ಪು ಹುಡುಕಲು ಬಳಸುವ ಜಿಡಿಬಿಯಲ್ಲಿ ಪ್ರೋಗ್ರಾಂ ಓಡಿಸಿ, ನಿಂತ ಜಾಗದ ಇನ್‌ಸ್ಟ್ರಕ್ಷನ್ ನೋಡಿ. ಎಂಡ್‌ಬಿಆರ್32 ಇದ್ದರೆ ಕಳ್ಳ ಸಿಕ್ಕಿದ ಹಾಗೆ.

ಆಮೇಲೆ ಸಿಎಫ್ ಪ್ರೊಟೆಕ್ಷನ್ ಆಪ್ಷನ್‌ಗೆ ‘ನನ್’ ಎಂದು (-fcf-protection=none) ಕೊಟ್ಟು ಮತ್ತೆ ಕಂಪೈಲ್ ಮಾಡಿ. ಪ್ರೊಸೆಸರ್ ಐ686 (ಪೆಂಟಿಯಂ ಪ್ರೋ ಪೀಳಿಗೆ) ಅಂತ ಹೇಳಿದರೆ ಸಾಕಲ್ವಾ ಅಂತ ನಾನೂ ಅಂದುಕೊಂಡಿದ್ದೆ, ಸಾಕಾಗಲ್ಲ. ಐ686 ಎಂದರೆ ಈ ಗುರುತು ಅರ್ಥವಾಗುತ್ತದೆ ಎಂದೇ ಜಿಸಿಸಿ ನಂಬುತ್ತದೆ.

ಇಷ್ಟಾದರೂ ಪ್ರೋಗ್ರಾಂ ಮತ್ತೆ ಬೀಳುತ್ತದೆ! ಇಲ್ಲೇ ಜಾಸ್ತಿ ಜನ ಎಡವುವುದು. ಆಪ್ಷನ್ ಬದಲಾಯಿಸುವುದು ನೀವು ಬರೆದ ಕೋಡ್ ಮಾತ್ರ. ಪ್ರೋಗ್ರಾಂ ಶುರುವಾಗುವುದು ನಿಮ್ಮ ಮೇನ್‌ನಿಂದಲ್ಲ, ಅದಕ್ಕೂ ಮುಂಚೆ ಇರುವ ‘ಸ್ಟಾರ್ಟ್’ ಅನ್ನುವ ತುಣುಕಿನಿಂದ. ಅದೂ, ಪ್ರಿಂಟ್‌ಎಫ್ ಇರುವ ಜಿಲಿಬ್‌ಸಿ ಲೈಬ್ರರಿಯೂ ಉಬುಂಟುನವರು ಮೊದಲೇ ಕಂಪೈಲ್ ಮಾಡಿ ಕೊಟ್ಟದ್ದು. ಫೈಲ್‌ನೊಳಗಿನ ಇನ್‌ಸ್ಟ್ರಕ್ಷನ್‌ಗಳನ್ನು ತೋರಿಸುವ ಆಬ್ಜ್‌ಡಂಪ್‌ಗೆ ಮೈನಸ್ ಡಿ ಕೊಟ್ಟು, ಬಂದದ್ದರಲ್ಲಿ ಎಂಡ್‌ಬಿಆರ್ ಎಂದು ಗ್ರೆಪ್ ಮಾಡಿ (ಹುಡುಕಿ) ನೋಡಿ, ನಿಮ್ಮ ನಾಲ್ಕು ಸಾಲಿನ ಪ್ರೋಗ್ರಾಂನಲ್ಲಿ ರಾಶಿ ರಾಶಿ ಸಿಗುತ್ತವೆ. ಹಾಗೇ ನೋಪ್‌ಎಲ್ (ಉದ್ದನೆಯ ‘ಏನೂ ಮಾಡಬೇಡ’ ಆಜ್ಞೆ) ಅನ್ನೂ ಹುಡುಕಿ. ಜಿಯೋಡ್‌ಗೆ ಅದೂ ಆಗಿಬರಲ್ಲ.

ನನಗೆ ಕೆಲಸ ಮಾಡಿದ ಉಪಾಯ: ಲ್ಯಾಪ್‌ಟಾಪ್‌ನಲ್ಲೇ ಡೆಬೂಟ್‌ಸ್ಟ್ರ್ಯಾಪ್ ಬಳಸಿ ಡೆಬಿಯನ್ 11 ಲಿನಕ್ಸ್‌ನ ಐ386 (32 ಬಿಟ್) ಫೋಲ್ಡರ್ ಮಾಡಿ, ಅದರೊಳಗೆ ಸಿಎಚ್‌ರೂಟ್ ಆಗಿ (ಆ ಫೋಲ್ಡರನ್ನೇ ಇಡೀ ಸಿಸ್ಟಂ ಮಾಡಿಕೊಂಡು) ಕಂಪೈಲ್ ಮಾಡುವುದು. ಆ ಆವೃತ್ತಿಯ ಲೈಬ್ರರಿಗಳು ಜಿಯೋಡ್‌ನಲ್ಲಿ ಓಡುತ್ತವೆ. 12 ಹಾಕಬೇಡಿ. 2023ರ ಆ ಆವೃತ್ತಿಯಿಂದ ನೋಪ್‌ಎಲ್ ಇರಲೇಬೇಕು ಎಂದು ಡೆಬಿಯನ್‌ನವರೇ ಹೇಳಿದ್ದಾರೆ, ಜಿಯೋಡ್ ಹೆಸರು ಹಿಡಿದೇ. ಬಂದ ಫೈಲನ್ನು ಮತ್ತೆ ಆಬ್ಜ್‌ಡಂಪ್‌ಗೆ ಕೊಟ್ಟು ಗ್ರೆಪ್ ಮಾಡಿ. ಏನೂ ಸಿಗದಿದ್ದರೆ ಹಳೇ ಪೆಟ್ಟಿಗೆಗೆ ಹಾಕಿ.

ಈ ‘ನನ್’ ಅನ್ನು ಕಂಪೈಲ್ ಸೂಚನೆಗಳಿರುವ ಮೇಕ್‌ಫೈಲ್‌ನಲ್ಲಿ ಎಲ್ಲರಿಗೂ ಅಂತ ಬರೆದಿಡಬೇಡಿ, ಜಿಯೋಡ್‌ಗೆ ಬೇರೆ ಟಾರ್ಗೆಟ್ ಮಾಡಿ. 64 ಬಿಟ್ ಯಂತ್ರದಲ್ಲಿ ಈ ಗುರುತಿನಿಂದ ತೊಂದರೆ ಇಲ್ಲ, ಮತ್ತು ಅದೇ ಆಪ್ಷನ್ ಜೊತೆಗೆ ಬರುವ ಶ್ಯಾಡೋ ಸ್ಟ್ಯಾಕ್‌ಗೆ (ಫಂಕ್ಷನ್ ಮುಗಿದು ಮರಳುವ ವಿಳಾಸಗಳನ್ನು ಕಾಯುವ ರಕ್ಷಣೆ) ಲಿನಕ್ಸ್ 6.6ರಲ್ಲಿ ಬೆಂಬಲ ಬಂದಿದೆ. ಹೊಸ ಚಿಪ್ ಇರುವವರು ಅದನ್ನು ಯಾಕೆ ಕಳೆದುಕೊಳ್ಳಬೇಕು?