ಪದವಿಯಲ್ಲಿ ಸಮಾಜಶಾಸ್ತ್ರವನ್ನು ನಾನು ಓದಿದ ಬಗೆ

ಪದವಿಯಲ್ಲಿ ಇತಿಹಾಸ ಮತ್ತು ಅರ್ಥಶಾಸ್ತ್ರಗಳ ಜೊತೆಗೆ ಮೂರನೆಯ ವಿಷಯವಾಗಿ ನಾನು ಸಮಾಜಶಾಸ್ತ್ರವನ್ನು ಆರಿಸಿಕೊಂಡೆ. ಕುಟುಂಬ, ವಿವಾಹ, ಧರ್ಮ, ಶಿಕ್ಷಣ ಮೊದಲಾದವು ಎಲ್ಲರಿಗೂ ಗೊತ್ತಿರುವ ಸಂಗತಿಗಳೇ ಆದ್ದರಿಂದ ಇದು ಸುಲಭದ ವಿಷಯವೆಂಬ ಮಾತು ವಿದ್ಯಾರ್ಥಿಗಳಲ್ಲಿ ಚಾಲ್ತಿಯಲ್ಲಿದೆ. ನನಗಾದರೋ ಈ ಪರಿಚಯವೇ ಓದಿನ ದೊಡ್ಡ ತೊಡಕಾಗಿತ್ತು. ಗೊತ್ತಿರುವುದನ್ನು ಪ್ರಶ್ನೆಯಾಗಿ ಮಾಡಿಕೊಳ್ಳುವವರೆಗೂ ಪಠ್ಯದ ವ್ಯಾಖ್ಯೆಗಳು ಬಾಯಿಪಾಠದ ಸರಕಾಗಿಯೇ ಉಳಿಯುತ್ತವೆ.

ಸಿದ್ಧಾಂತದ ಪತ್ರಿಕೆಗೆ ನಾನು ಒಂದು ಕ್ರಮ ಇಟ್ಟುಕೊಂಡೆ. ಚಿಂತಕನ ಜೀವನಚರಿತ್ರೆಯನ್ನು ಬದಿಗಿಟ್ಟು, ಅವನು ಉತ್ತರಿಸಲು ಹೊರಟ ಪ್ರಶ್ನೆ ಯಾವುದು, ಅವನು ಕೊಡುವ ಆಧಾರವೇನು, ಅದಕ್ಕೆ ಬಂದ ಆಕ್ಷೇಪವೇನು ಎಂಬುದನ್ನಷ್ಟೇ ಬರೆದುಕೊಳ್ಳುತ್ತಿದ್ದೆ. ಫ್ರೆಂಚ್ ಸಮಾಜಶಾಸ್ತ್ರಜ್ಞ ಡರ್ಖೀಮ್ 1897ರಲ್ಲಿ ಪ್ರಕಟಿಸಿದ ಆತ್ಮಹತ್ಯೆಯ ಅಧ್ಯಯನ ಈ ಕ್ರಮಕ್ಕೆ ಚೆನ್ನಾಗಿ ಒಗ್ಗಿತು. ಪ್ರತಿವರ್ಷ ಪ್ರಾಣ ಕಳೆದುಕೊಳ್ಳುವ ವ್ಯಕ್ತಿಗಳು ಬೇರೆಬೇರೆಯಾದರೂ ಒಂದೊಂದು ಸಮಾಜದ ಆತ್ಮಹತ್ಯೆಯ ಪ್ರಮಾಣ ಹೆಚ್ಚುಕಡಿಮೆ ಸ್ಥಿರವಾಗಿರುವುದೇಕೆ ಎಂಬುದು ಅವನ ಪ್ರಶ್ನೆ. ಕ್ಯಾಥೊಲಿಕರಿಗಿಂತ ಪ್ರಾಟೆಸ್ಟಂಟರಲ್ಲಿ ಈ ಪ್ರಮಾಣ ಹೆಚ್ಚೆಂದು ಅಂಕಿಅಂಶಗಳಿಂದ ತೋರಿಸಿ, ಎರಡೂ ಪಂಥಗಳು ಆತ್ಮಹತ್ಯೆಯನ್ನು ನಿಷೇಧಿಸುವುದರಿಂದ ವ್ಯತ್ಯಾಸದ ಮೂಲ ಬೋಧನೆಯಲ್ಲಿಲ್ಲ, ವ್ಯಕ್ತಿಯನ್ನು ಸಮುದಾಯಕ್ಕೆ ಬಿಗಿಯುವ ಬಂಧದಲ್ಲಿದೆ ಎಂದು ಅವನು ವಾದಿಸುತ್ತಾನೆ. ಯಾವ ಸಾವನ್ನು ಆತ್ಮಹತ್ಯೆಯೆಂದು ದಾಖಲಿಸಬೇಕೆಂಬ ಅಧಿಕಾರಿಗಳ ತೀರ್ಮಾನವೇ ಸಾಮಾಜಿಕವಾದದ್ದು, ಹೀಗಿರುವಾಗ ಆ ಅಂಕಿಗಳನ್ನು ಹೇಗೆ ನಂಬುವುದು ಎಂಬ ಆಕ್ಷೇಪವನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಜ್ಯಾಕ್ ಡಗ್ಲಾಸ್ 1967ರಲ್ಲಿ ಎತ್ತಿದ. ಈ ವಾದ ಪ್ರತಿವಾದಗಳನ್ನು ಎದುರುಬದುರು ಇಟ್ಟು ಓದಿದ ಮೇಲೆ ‘ಸಾಮಾಜಿಕ ಸಂಗತಿ’ (ವ್ಯಕ್ತಿಯ ಹೊರಗಿದ್ದು ಅವನ ನಡೆಯನ್ನು ನಿರ್ಬಂಧಿಸುವ ಸಾಮಾಜಿಕ ಶಕ್ತಿ) ಎಂಬ ಡರ್ಖೀಮನ ಪರಿಕಲ್ಪನೆಯನ್ನು ನೆನಪಿಡಲು ಪ್ರತ್ಯೇಕ ಶ್ರಮ ಬೇಕಾಗಲಿಲ್ಲ. ಮನುಷ್ಯನ ಚಿಂತನೆ ದೈವಿಕ, ತಾತ್ವಿಕ, ವೈಜ್ಞಾನಿಕ ಎಂಬ ಹಂತಗಳಲ್ಲಿ ಬೆಳೆಯುತ್ತದೆ ಎನ್ನುವ ಆಗಸ್ಟ್ ಕಾಮ್ಟ್‌ನ ಮೂರು ಹಂತಗಳ ನಿಯಮಕ್ಕೆ ಮಾತ್ರ ನಾನು ಒಂದು ಪುಟಕ್ಕಿಂತ ಹೆಚ್ಚು ಕೊಡಲಿಲ್ಲ. ಪರೀಕ್ಷೆಗೂ ಅಷ್ಟು ಸಾಕಾಯಿತು.

ವಿಷಯದ ನಿಜವಾದ ರುಚಿ ಹತ್ತಿದ್ದು ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ, ಅದರಲ್ಲೂ ಕಿರು ಸಂಶೋಧನೆಗಾಗಿ ಪ್ರಶ್ನಾವಳಿ ಸಿದ್ಧಪಡಿಸುವಾಗ. ಮನೆಗೆಲಸದ ಹಂಚಿಕೆ ನನ್ನ ವಸ್ತುವಾಗಿತ್ತು. ಪ್ರಶ್ನಾವಳಿಯನ್ನು ಮೊದಲು ಕೆಲವರ ಮೇಲೆ ಪ್ರಯೋಗಿಸಿ ನೋಡುವ ಪೂರ್ವಪರೀಕ್ಷೆಯಲ್ಲಿ ‘ನಿಮ್ಮ ಮನೆಯಲ್ಲಿ ಕೆಲಸವನ್ನು ಹೇಗೆ ಹಂಚಿಕೊಳ್ಳುತ್ತೀರಿ?’ ಎಂದು ಕೇಳಿದರೆ ಬಹುತೇಕರು ‘ಎಲ್ಲರೂ ಸೇರಿಯೇ ಮಾಡುತ್ತೇವೆ’ ಎನ್ನುತ್ತಿದ್ದರು. ಅದೇ ಜನರನ್ನು ‘ನಿನ್ನೆ ಮೊದಲು ಎದ್ದವರು ಯಾರು, ಎದ್ದು ಏನು ಮಾಡಿದರು, ಪಾತ್ರೆ ತೊಳೆದವರು ಯಾರು?’ ಎಂದು ಒಂದೊಂದಾಗಿ ಕೇಳಿದಾಗ ಒಬ್ಬ ಹೆಂಗಸಿನ ಹೆಸರೇ ಮತ್ತೆ ಮತ್ತೆ ಬರುತ್ತಿತ್ತು. ಮೊದಲನೆಯ ಉತ್ತರ ಸುಳ್ಳೆಂದು ನಾನು ಅದನ್ನು ತೆಗೆದುಹಾಕಲಿಲ್ಲ. ಮನೆಯ ಬಗ್ಗೆ ಹೊರಗಿನವರಿಗೆ ಏನು ಹೇಳಬೇಕೆಂಬ ರೂಢಿ ಅದರಲ್ಲಿದೆ, ನಡೆದದ್ದು ಎರಡನೆಯದರಲ್ಲಿದೆ. ವರದಿಯಲ್ಲಿ ಎರಡನ್ನೂ ಉಳಿಸಿಕೊಂಡು ಅವುಗಳ ನಡುವಿನ ಅಂತರವನ್ನೇ ಚರ್ಚೆಯ ಕೇಂದ್ರವಾಗಿಸಿದೆ. ಗಂಡನ ಎದುರಿನಲ್ಲಿ ಕೊಟ್ಟ ಉತ್ತರ ಮತ್ತು ಒಬ್ಬರೇ ಇದ್ದಾಗ ಕೊಟ್ಟ ಉತ್ತರ ಬೇರೆಯಾಗುವುದರಿಂದ ಸಂದರ್ಶನದ ವೇಳೆ ಹತ್ತಿರದಲ್ಲಿ ಯಾರಿದ್ದರು ಎಂಬುದನ್ನೂ ಗುರುತು ಹಾಕಿಕೊಳ್ಳುತ್ತಿದ್ದೆ.

ಸಂದರ್ಶನದ ಟಿಪ್ಪಣಿಗಳನ್ನು ಅದೇ ಸಂಜೆ ವಿಸ್ತರಿಸಿ ಬರೆಯುವುದು ನಾನು ತಪ್ಪದೆ ಪಾಲಿಸಿದ ನಿಯಮ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಯಿಂದಾಗಿ ತಾವು ವಿಂಗಡಿಸಿ ಸಿದ್ಧಪಡಿಸಿದ್ದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಕಳೆದುಕೊಂಡ ಮೇಲೆ ಬಹುಮಟ್ಟಿಗೆ ನೆನಪಿನಿಂದಲೇ ಒಂದು ಗ್ರಾಮದ ಅಧ್ಯಯನವನ್ನು ಬರೆದು 1976ರಲ್ಲಿ ಪ್ರಕಟಿಸಿದರು. ಅಂಥ ನೆನಪಿನ ಶಕ್ತಿ ನನಗಿಲ್ಲ. ಪುಟದ ಎಡಬದಿಯಲ್ಲಿ ಕೇಳಿದ ಮಾತನ್ನು ಹೇಳಿದವರ ಪದಗಳಲ್ಲೇ, ಬಲಬದಿಯಲ್ಲಿ ನನ್ನ ಊಹೆಯನ್ನು ಬರೆದು, ವರದಿಯ ‘ಫಲಿತಾಂಶ’ ಅಧ್ಯಾಯವನ್ನು ಎಡಬದಿಯಿಂದ ಮಾತ್ರ ಕಟ್ಟಿದೆ. ಮೌಖಿಕ ಪರೀಕ್ಷೆಯಲ್ಲಿ ‘ಇದು ಅವರ ಮಾತೋ, ನಿಮ್ಮ ವ್ಯಾಖ್ಯಾನವೋ?’ ಎಂದು ಕೇಳಿದಾಗ ಆ ಪುಟವನ್ನೇ ತೆರೆದು ತೋರಿಸಿದೆ.